ಸಲೀಸಾಗಿ ತಿರುಗಿದ ಬೀಗ

ಆ ಬೀದಿಗೆ ಬಂದು ಬೀಗದಕ್ಕನ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಕತ್ತೆತ್ತಿ ತೋರಿಸುತ್ತಾರೆ ಅಷ್ಟೆ. ಅಂಗಡಿಯ ನೆತ್ತಿಯ ಮೇಲೆ ಕುಂಬಳಕಾಯಿ ಗಾತ್ರದ ಕಬ್ಬಿಣದ ಬೀಗವೊಂದು ತೂಗುತ್ತಿರುತ್ತದೆ. ಅಕ್ಕನ ಅಪ್ಪ ಕೈಯಾರೆ ಮಾಡಿ ನೇತುಹಾಕಿದ್ದು. ಬರೀ ನೋಟಕ್ಕೆಂದು ತಿಳಿಯಬೇಡಿ, ಅದು ನಿಜವಾದ ಬೀಗ. ಮೊಳದುದ್ದದ ಅದರ ಕೀಲಿ ಅಂಗಡಿಯ ಒಳಗೋಡೆಯ ಮೊಳೆಯಲ್ಲಿದೆ.

ಅಕ್ಕನದು ಬಲು ಜೋರು ಬಾಯಿ. ಕೀಲಿ ಕಳೆದುಕೊಂಡು ಬಂದವರಿಗೆ ಮೊದಲು ಬೈಗುಳ, ಆಮೇಲೆ ಕೀಲಿ. "ಹೆತ್ತ ಮಗೂನೂ ಹೀಗೇ ಬಸ್ಸಲ್ಲಿ ಬಿಟ್ಟು ಬರ್ತೀರೇನ್ರೀ?" ಎಂದು ದೊಡ್ಡ ಆಫೀಸರನ್ನೂ ಬಿಡದೆ ಕೇಳುತ್ತಿದ್ದಳು. ಬೈಸಿಕೊಂಡವರೇ ಮತ್ತೆ ಬರುತ್ತಿದ್ದರು, ಆ ಮನೆಯ ಕೆಲಸ ಹಾಗಿತ್ತು. ಅಪ್ಪ ಒಂದು ಕಟ್ಟಳೆ ಮಾಡಿಟ್ಟು ಹೋಗಿದ್ದ. ಬಿಚ್ಚಿದ ಬೀಗವನ್ನು ಮೊದಲಿಗಿಂತ ಚೆನ್ನಾಗಿ ಮಾಡಿಯೇ ಮುಚ್ಚಬೇಕು. ಮೇಲಿನ ತಗಡು ಬಿಚ್ಚಿ, ಒಳಗಿನ ದೂಳನ್ನು ಕುಂಚದಿಂದ ಗುಡಿಸಿ, ಪೆನ್ಸಿಲ್ ಕಡ್ಡಿಯ ಕರೀ ಪುಡಿಯನ್ನು ಒಂದು ಚಿಟಿಕೆ ಊದಬೇಕು. ಎಣ್ಣೆ ಮುಟ್ಟಿಸಕೂಡದು, ಎಣ್ಣೆಗೆ ದೂಳು ಅಂಟುತ್ತದೆ. ಕೊನೆಗೆ ತಗಡು ಕೂರಿಸಿ ಸ್ಕ್ರೂ ಬಿಗಿದಾಗ, ಅದರ ತಲೆಯ ಮೇಲಿನ ಗೀರು ನೆಟ್ಟಗೆ ಮೇಲೆ ಕೆಳಗೆ ನಿಲ್ಲಬೇಕು, ಓರೆಯಾಗಿ ನಿಂತರೆ ಅಪ್ಪನ ಕೈಯ ಅರ ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ಗೀರು ಓರೆಯಾದರೆ ಬೀಗಕ್ಕೇನು ಕೇಡು ಎಂದು ಅಕ್ಕ ಚಿಕ್ಕವಳಿದ್ದಾಗ ಕೇಳಿದ್ದಳು. "ಬೀಗಕ್ಕೇನಿಲ್ಲ, ನಿನಗೆ ಕೇಡು" ಎಂದಿದ್ದ ಅಪ್ಪ. ಊಟ ಮುಗಿದ ಮೇಲೆ ಕೈ ತೊಳೆಯುವ ಹಾಗೆ, ಯೋಚನೆ ಇಲ್ಲದೆಯೇ ಆ ಕೆಲಸ ಮಕ್ಕಳ ಕೈಗೆ ಹತ್ತಿಬಿಟ್ಟಿತ್ತು.

ಮಕ್ಕಳು ಎಂದರೆ ಇಬ್ಬರೇ, ಅಕ್ಕ ಮತ್ತು ತಮ್ಮ. ತಾಯಿ ಇವನನ್ನು ಹೆತ್ತು ಕಣ್ಣು ಮುಚ್ಚಿದಾಗ ಅಕ್ಕನಿಗೆ ಮದುವೆಯ ವಯಸ್ಸು. ಮದುವೆಯ ಗೊಡವೆಗೇ ಹೋಗದೆ, ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅರ ಹಿಡಿದಳು. ಅಪ್ಪನೂ ಹೋದ ಮೇಲೆ ತಮ್ಮನಿಗೆ ಕೆಲಸ ಕಲಿಸಿದ್ದು ಅವಳೇ. ಈಗ ಅವನು ಮೀಸೆ ಬಂದ ಗಂಡಸು, ಎದೆ ಉಬ್ಬಿಸಿ ನಡೆಯುವವನು. ಕೈ ಮಾತ್ರ ಅಪ್ಪನದೇ. "ನನ್ನ ತಮ್ಮ ಕಣ್ಣು ಮುಚ್ಕೊಂಡು ಬೀಗದ ಜೊತೆ ಮಾತಾಡ್ತಾನೆ" ಎಂದು ಅಕ್ಕ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಬೀದಿಯ ಕೊನೆಯಲ್ಲಿ ಸಾಹುಕಾರನ ಒಡವೆ ಅಂಗಡಿ. ಅವನ ತಿಜೋರಿಗೆ ಇದ್ದದ್ದು ಇವರ ಅಪ್ಪನೇ ಮಾಡಿದ ಬೀಗ. ಹೋದ ವರ್ಷ ಅವನಿಗೆ ಏನು ಹುಚ್ಚು ಹಿಡಿಯಿತೋ, ಪರದೇಶದ ಕಂಪನಿಯ ಹೊಸ ಬೀಗ ಕೂರಿಸಿದ. ಹಳೆಯದನ್ನು ಗುಜರಿಯವನ ಗಾಡಿಗೆ ಎಸೆಯುತ್ತ, ಬೀದಿಗೆಲ್ಲ ಕೇಳುವಂತೆ ಹೇಳಿದ, "ಇನ್ನು ಮಕ್ಕಳಾಟ ಸಾಕು. ಇದನ್ನ ಬಿಚ್ಚೋ ಗಂಡಸು ಇನ್ನೂ ಹುಟ್ಟಿಲ್ಲ." ಅಕ್ಕ ಗುಜರಿ ಗಾಡಿಯಿಂದ ಅಪ್ಪನ ಬೀಗ ಎತ್ತಿಕೊಂಡು ಸೆರಗಿನಲ್ಲಿ ಒರೆಸಿ ಸುಮ್ಮನೆ ಬಂದಳು. ತಮ್ಮನ ಕಿವಿ ಕೆಂಪಗಾಗಿದ್ದನ್ನು ಅವಳು ನೋಡಿದ್ದಳು, ಆದರೆ ಯಾವ ಹುಡುಗನಿಗೆ ಕಿವಿ ಕೆಂಪಾಗುವುದಿಲ್ಲ ಎಂದುಕೊಂಡು ಮರೆತಳು.

ಪರದೇಶದ ಬೀಗಕ್ಕೆ ನಮ್ಮ ಬೀದಿಯ ದೂಳಿನ ಪರಿಚಯ ಇರಲಿಲ್ಲ. ಕೆಲವು ತಿಂಗಳಿಗೇ ಬಿಗಿಯಾಯಿತು. ಅಂಗಡಿಯ ಹಳೇ ಕಾವಲುಗಾರ, ಬೀದಿಯವರೆಲ್ಲ ತಾತ ಎನ್ನುವವನು, ದಿನಾ ಬೆಳಿಗ್ಗೆ ತಿಜೋರಿ ತೆಗೆಯಲು ಭುಜ ಕೊಟ್ಟು ಒದ್ದಾಡುತ್ತಿದ್ದ. "ಬೀಗದಕ್ಕನ್ನ ಕರೀರಿ ಧಣಿ" ಎಂದರೆ ಸಾಹುಕಾರ ಮೂಗು ಮುರಿಯುತ್ತಿದ್ದ. ಕೀಲಿ ಇದ್ದದ್ದು ಎರಡೇ, ಒಂದು ಸಾಹುಕಾರನ ಸೊಂಟದಲ್ಲಿ, ಇನ್ನೊಂದು ತಾತನ ಬಳಿ. ಅಷ್ಟು ನಂಬಿಕೆ.

ಸಾಹುಕಾರ ನೆಂಟರ ಮನೆಗೆ ಹೋಗಿದ್ದಾಗ ತಿಜೋರಿಯಲ್ಲಿದ್ದ ಮುತ್ತಿನ ಹಾರ ಮಾಯವಾಯಿತು. ಬಾಗಿಲಿಗೆ ಒಂದು ಗೀರೂ ಇಲ್ಲ. ಹಿಂಬಾಗಿಲ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು, ತಿಜೋರಿಯದೂ ಹಾಗೇ. ಇಟ್ಟಿದ್ದ ನಂಬಿಕೆ ಒಂದೇ ಏಟಿಗೆ ತಾತನ ಕುತ್ತಿಗೆಗೆ ಬಂತು. ಕೀಲಿ ಇಲ್ಲದೆ ಈ ಬೀಗ ಬಿಚ್ಚಲು ಸಾಧ್ಯವೇ ಇಲ್ಲ ಎಂದು ಕಂಪನಿಯವರು ಹೇಳಿದರು. ಸಾಹುಕಾರನ ಕೀಲಿ ಅವನ ಸೊಂಟ ಬಿಟ್ಟಿರಲಿಲ್ಲ. ಉಳಿದವನು ಯಾರು? ಪೊಲೀಸರು ತಾತನನ್ನು ಕರೆದುಕೊಂಡು ಹೋದರು.

ತಾತನ ಹೆಂಡತಿ ಅಕ್ಕನ ಅಂಗಡಿಯ ಪಕ್ಕದಲ್ಲೇ ಇಸ್ತ್ರಿ ಮಾಡುತ್ತಿದ್ದಳು. ಅವತ್ತಿನಿಂದ ಅವಳ ಇಸ್ತ್ರಿಪೆಟ್ಟಿಗೆಯ ಕೆಂಡ ಆರಿಹೋಯಿತು. ಅಕ್ಕ ಒತ್ತಾಯ ಮಾಡಿ ಉಣ್ಣಿಸಿದಳು, ಕದ್ದ ಕಳ್ಳನಿಗೆ ಶಾಪ ಹಾಕಿದಳು, ಸಾಹುಕಾರನ ಏಳು ತಲೆಮಾರನ್ನೂ ಜಾಲಾಡಿ ಬೈದಳು. "ಆ ಮುದುಕ ಕಳ್ಳ ಆದ್ರೆ ನಾನು ಈ ಊರಿನ ರಾಣಿ" ಎಂದಳು. ತಮ್ಮ ಪಕ್ಕದಲ್ಲೇ ಕೂತು ಒಂದು ಕೀಲಿಯನ್ನು ತೇಯುತ್ತಿದ್ದ. ಅದನ್ನು ತೇದು ತೇದು ಹಾಳು ಮಾಡಿದ. ಅಕ್ಕನಿಗೆ ಆಗಲೂ ಹೊಳೆಯಲಿಲ್ಲ.

ಇನ್ಸ್‌ಪೆಕ್ಟರ್ ಬಂದದ್ದು ಕೆಲವು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ. ಒಳ್ಳೆಯ ಮನುಷ್ಯ, ಚುರುಕು ಕಣ್ಣು.

"ಅಕ್ಕಾ, ಒಂದು ವಿಷಯ ನನ್ನ ತಲೆ ತಿಂತಾ ಇದೆ" ಎಂದ. "ತಾತ ಹೇಳ್ತಾನೆ, ಕಳ್ಳತನ ಆದ ಬೆಳಿಗ್ಗೆ ಕೀಲಿ ತುಂಬ ಸಲೀಸಾಗಿ ತಿರುಗ್ತಂತೆ. ನಮ್ಮವರೆಲ್ಲ ನಕ್ಕುಬಿಟ್ರು, ಕಳ್ಳ ಬಂದು ರಿಪೇರಿ ಮಾಡಿ ಹೋದ್ನೇನೋ ಅಂತ. ಆದ್ರೆ ತಪ್ಪಿಸ್ಕೊಳ್ಳೋಕೆ ಸುಳ್ಳು ಹೇಳೋನು ಇಂಥ ಸುಳ್ಳು ಯಾಕೆ ಹೇಳ್ತಾನೆ? ನೀವು ಬಂದು ಸ್ವಲ್ಪ ನೋಡ್ತೀರಾ?"

ಅಕ್ಕ ಹೋದಳು. ತಿಜೋರಿಯ ಮುಂದೆ ಕೂತು ಕನ್ನಡಕ ಏರಿಸಿದಳು. ಕೀಲಿ ತಿರುಗಿಸಿದಳು, ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ತಿರುಗಿತು. ತೂತಿಗೆ ಒಂದು ಕಡ್ಡಿ ಹಾಕಿ ತೆಗೆದಳು, ತುದಿಯಲ್ಲಿ ಕರೀ ಪುಡಿ. ಕಣ್ಣು ಮೆಲ್ಲಗೆ ಮೇಲಿನ ತಗಡಿಗೆ ಹೋಯಿತು. ನಾಲ್ಕು ಮೂಲೆಯ ನಾಲ್ಕು ಸ್ಕ್ರೂಗಳ ಗೀರೂ ನೆಟ್ಟಗೆ, ಸಾಲಾಗಿ ನಿಲ್ಲಿಸಿದ ಶಾಲೆ ಮಕ್ಕಳ ಹಾಗೆ ನಿಂತಿದ್ದವು.

ಹಾಗೆ ಗೀರು ನಿಲ್ಲಿಸುವವರು ಲೋಕದಲ್ಲಿ ಇಬ್ಬರೇ. ಒಬ್ಬಳು ಈಗ ಇಲ್ಲಿ ಕೂತಿದ್ದಾಳೆ.

"ಏನಕ್ಕ, ಕೀಲಿ ಇಲ್ದೆ ಬಿಚ್ಚಬಹುದಾ?" ಎಂದ ಇನ್ಸ್‌ಪೆಕ್ಟರ್.

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಕೊನೆಗೆ, "ಬಿಚ್ಚಬಹುದು" ಎಂದಳು.

"ಬಾಯಿ ಮಾತು ನಡೆಯಲ್ಲ, ಕಂಪನಿಯವರು ಆಗಲ್ಲ ಅಂತ ಕೂತಿದ್ದಾರೆ. ನಾಳೆ ಬೆಳಿಗ್ಗೆ ಸಾಹುಕಾರರ ಎದುರಿಗೆ ಬಿಚ್ಚಿ ತೋರಿಸಿ. ತಾತನ್ನೂ ಕರ್ಕೊಂಡು ಬರ್ತೀನಿ. ಬಿಚ್ಚಿದ್ರೆ ಅವನ್ನ ಅಲ್ಲೇ ಬಿಟ್ಬಿಡ್ತೀನಿ. ಇಲ್ದಿದ್ರೆ ನನ್ನ ಕೈ ಕಟ್ಟಿಹಾಕಿದ ಹಾಗೆ."

ಅಕ್ಕ ಮನೆಗೆ ನಡೆದಳು. ಇಸ್ತ್ರಿ ಅಜ್ಜಿ ಆಸೆಯಿಂದ ಮುಖ ನೋಡಿದಳು, ಅಕ್ಕ ತಲೆ ತಗ್ಗಿಸಿ ಒಳಗೆ ಹೋದಳು. ಆ ಬೀದಿಯಲ್ಲಿ ಅವಳು ತಲೆ ತಗ್ಗಿಸಿ ನಡೆದದ್ದು ಅದೇ ಮೊದಲು.

ಸಂಜೆ ತಮ್ಮ ಊಟಕ್ಕೆ ಕೂತ. ಅಕ್ಕ ಬಡಿಸಿದಳು.

"ಸಾಹುಕಾರನ ತಿಜೋರಿ ನೋಡಿ ಬಂದೆ. ನಾಳೆ ನಾನು ಬಿಚ್ಚಿ ತೋರಿಸಿದ್ರೆ ತಾತನ್ನ ಬಿಡ್ತಾರಂತೆ."

"ಹೂಂ."

"ಹೂಂ ಅಂತೆ ಹೂಂ! ಪುಡಿ ಜಾಸ್ತಿ ಸುರಿದಿದ್ದೀಯ."

"ಏನ್ ಜಾಸ್ತಿ? ಅಪ್ಪ ಹಾಕ್ತಿದ್ದಷ್ಟೇ ಹಾಕಿದ್ದು!" ಅಂದುಬಿಟ್ಟ. ಅಂದ ಮೇಲೆ ತುತ್ತು ಕೈಯಲ್ಲೇ ನಿಂತಿತು.

ಒಲೆಯ ಮೇಲಿನ ನೀರು ಕುದಿಯುತ್ತಿತ್ತು. ಯಾರೂ ಎದ್ದು ಇಳಿಸಲಿಲ್ಲ. ತಮ್ಮ ತಟ್ಟೆ ನೋಡುತ್ತ ಕೇಳಿದ, "ಹೇಗಿತ್ತಕ್ಕಾ?"

ಪಾಪಿ, ಕೇಳುವುದು ನೋಡಿ! ಅದಕ್ಕಿಂತ ದೊಡ್ಡ ಪಾಪ ಯಾವುದೆಂದರೆ, ಆ ಪ್ರಶ್ನೆ ಕೇಳಿದೊಡನೆ ಅಕ್ಕನ ಹೊಟ್ಟೆಯೊಳಗೆ ಒಂದು ಹೆಮ್ಮೆ ಎದ್ದು ನಿಂತಿತು. ಪರದೇಶದವರು ಅಸಾಧ್ಯ ಎಂದ ಬೀಗ. ಒಂದು ಗೀರಿಲ್ಲ, ಒಂದು ತಪ್ಪಿಲ್ಲ. ಆ ಹೆಮ್ಮೆಯ ತಲೆಗೆ ಬಾರಿಸಿ ಕೂರಿಸಲು ಅವಳಿಗೆ ಸಾಕುಸಾಕಾಯಿತು.

"ಕೆಲಸ ಚೆನ್ನಾಗಿದೆ. ಮಾಡಿದವನು ಕೆಟ್ಟಿದ್ದಾನೆ" ಎಂದಳು. "ಯಾಕೋ ಹೀಗ್ ಮಾಡ್ದೆ? ನಮಗೇನೋ ಕಡಿಮೆಯಾಗಿತ್ತು?"

"ಬಿಚ್ಚಿ, ಮುಚ್ಚಿ ಬಂದ್ಬಿಡೋಣ ಅಂತಲೇ ಹೋದೆ ಅಕ್ಕಾ, ನಿನ್ನಾಣೆ. ಬಾಗಿಲು ತೆರೀತು. ಆಮೇಲೆ ಅನ್ನಿಸ್ತು, ಏನೂ ಹೋಗದೇ ಇದ್ರೆ ನಾನು ಬಿಚ್ಚಿದ್ದು ಯಾರಿಗೆ ಗೊತ್ತಾಗತ್ತೆ? ಆ ಸಾಹುಕಾರ ಹಾಗೇ ಮೀಸೆ ತಿರುವ್ಕೊಂಡು ಇರ್ತಾನೆ. ಅದಕ್ಕೇ ಹಾರ ತಗೊಂಡೆ. ಸ್ವಲ್ಪ ದಿನ ಅವನ ಹೊಟ್ಟೆ ಉರಿಸಿ ವಾಪಸ್ ಇಡೋಣ ಅಂತಿದ್ದೆ. ಅಷ್ಟರಲ್ಲಿ ತಾತನ್ನ ಹಿಡಿದ್ರು. ಭಯ ಆಯ್ತು."

"ಚಿಕ್ಕವನಿದ್ದಾಗ ನಿನ್ನ ಹೆಗಲ ಮೇಲೆ ಹೊತ್ತು ಬೀದಿ ಸುತ್ತಿಸಿದೋನು ಕಣೋ ಅವನು."

"ನೀನು ನಾಳೆ ಬಿಚ್ಚೋಕಾಗಲ್ಲ ಅಂದ್ಬಿಡು ಅಕ್ಕಾ. ತಾತನಿಗೆ ವಯಸ್ಸಾಗಿದೆ, ಕೋರ್ಟಲ್ಲಿ ಕನಿಕರ..."

ಕಪಾಳಕ್ಕೆ ಬಿದ್ದ ಏಟಿನ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಅದುವರೆಗೆ ಅವನನ್ನು ಅವಳು ಹೊಡೆದೇ ಇರಲಿಲ್ಲ, ಕೆಲಸ ಕಲಿಸುವಾಗಲೂ ಇಲ್ಲ.

"ಹಾರ ಎಲ್ಲಿದೆ ಅಂತ ನನಗೆ ಹೇಳ್ಬೇಡ" ಎಂದಳು. "ನಾಳೆ ನಾನು ಹೋಗಿ ಬಿಚ್ಚಿ ತೋರಿಸ್ತೀನಿ. ಈ ಕೆಲಸ ಇನ್ಯಾರಿಗೆ ಬರತ್ತೆ ಅಂತ ಕೇಳ್ತಾರೆ. ನನ್ನ ತಮ್ಮನಿಗೆ ಅಂತೀನಿ. ಅದಕ್ಕೆ ಮೊದಲು ನೀನೇ ಬಂದು ನಿಂತರೆ ನೀನು ಅಪ್ಪನ ಮಗ. ನಿನ್ನ ಕಾಲು, ನಿನ್ನ ದಾರಿ."

ಬೆಳಗಾಗಿ ನೋಡಿದರೆ ಅವನ ಹಾಸಿಗೆ ಖಾಲಿ. ಗೂಟದ ಮೇಲಿದ್ದ ಚೀಲವೂ ಇಲ್ಲ. ಅಕ್ಕ ಆ ಖಾಲಿ ಗೂಟವನ್ನು ನೋಡುತ್ತ ನಿಂತಳು. ಓಡಿಹೋದ. ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದವನು ಓಡಿಹೋದ. ಅಳು ಬಂತು, ಅತ್ತಳು. ಆಮೇಲೆ ಮುಖ ತೊಳೆದು, ಕೀಲಿ ಇಲ್ಲದೆ ಬೀಗ ಬಿಚ್ಚುವ ಅಪ್ಪನ ಕೊಕ್ಕೆಗಳ ಗಂಟು ಕಂಕುಳಲ್ಲಿ ಇರುಕಿಕೊಂಡು ಹೊರಟಳು.

ಒಡವೆ ಅಂಗಡಿಯ ಒಳಕೋಣೆ ಚಿಕ್ಕದು, ಬಾಗಿಲ ತನಕ ಜನ ತುಂಬಿದ್ದರು. ಒಂದು ಮೂಲೆಯಲ್ಲಿ ತಾತ. ಅವನ ಬೆಲ್ಟು ಠಾಣೆಯಲ್ಲಿ ಕಸಿದುಕೊಂಡಿದ್ದರು. ಸೊರಗಿದ ಮೈಗೆ ಪ್ಯಾಂಟು ನಿಲ್ಲದೆ, ಒಂದು ಕೈಯಿಂದ ಅದನ್ನು ಹಿಡಿದುಕೊಂಡೇ ನಿಂತಿದ್ದ. ಅಕ್ಕನನ್ನು ಕಂಡು ನಮಸ್ಕಾರ ಮಾಡಲು ಹೋದವನು, ಎರಡೂ ಕೈ ಎತ್ತಲಾಗದೆ, ತಲೆ ಬಾಗಿಸಿದ.

ಅಕ್ಕ ಕೂತಳು. ಕೊಕ್ಕೆ ಒಳಗೆ ಹೋಯಿತು. ಒಳಗಿನ ಪಟ್ಟಿಗಳು ಒಂದೊಂದಾಗಿ ಮೇಲೇಳಬೇಕು, ಎಲ್ಲವೂ ಎದ್ದು ನಿಂತರೆ ಬಾಗಿಲು ಬಿಡುತ್ತದೆ. ಮೊದಲಿನವು ಎದ್ದವು. ಕೊನೆಯದು ಏಳಲಿಲ್ಲ. ಮತ್ತೆ ಮೊದಲಿನಿಂದ ಹಿಡಿದಳು, ಮತ್ತೆ ಕೊನೆಯದರಲ್ಲಿ ಜಾರಿತು. ವರ್ಷಾನುಗಟ್ಟಲೆ ಅರ ಉಜ್ಜಿ ಬೆರಳ ತುದಿ ಮರಗಟ್ಟಿಹೋಗಿದೆ ಎಂಬುದು ಅವಳಿಗೆ ತಿಳಿದದ್ದು ಆಗ. ಬೆವರು ಕನ್ನಡಕದೊಳಗೆ ಇಳಿಯಿತು. ಅವಳು ಬೇಕೆಂದು ಸೋಲುತ್ತಿರಲಿಲ್ಲ, ಉಸಿರು ಕಟ್ಟಿ ಪ್ರಯತ್ನ ಪಡುತ್ತಿದ್ದಳು. ಬೀಗ ಅವಳಿಗಿಂತ ದೊಡ್ಡದಾಗಿತ್ತು.

ಸಾಹುಕಾರ ಹಲ್ಲು ಕಿರಿದ. "ನಾನು ಹೇಳ್ಲಿಲ್ವಾ? ಬೀಗದ ಮನೆತನವಂತೆ! ಕರ್ಕೊಂಡು ಹೋಗಿ ಸಾರ್ ಮುದುಕನ್ನ."

"ಸಾಕಾ ಅಕ್ಕಾ?" ಎಂದ ಇನ್ಸ್‌ಪೆಕ್ಟರ್ ಮೆಲ್ಲಗೆ.

ತಾತ ಪ್ಯಾಂಟು ಹಿಡಿದುಕೊಂಡು ಪೊಲೀಸಿನವನ ಹಿಂದೆ ಹೆಜ್ಜೆ ಎತ್ತಿದ. ಅಕ್ಕ ಕೊಕ್ಕೆ ಕೆಳಗಿಟ್ಟಳು. ಹೇಳಬೇಕು. ಕೈ ಸೋತರೂ ಬಾಯಿ ಸೋಲಬಾರದು.

"ನಿಲ್ಲಿ ಸಾರ್. ನನ್ನ ಕೈಲಾಗಲಿಲ್ಲ. ಆದರೆ ಇದನ್ನ ಬಿಚ್ಚಿದೋನು ಇದ್ದಾನೆ. ಅವನು ಬೇರೆ ಯಾರೂ ಅಲ್ಲ, ನನ್ನ..."

"ಅಕ್ಕಾ, ಸ್ವಲ್ಪ ಆಚೆ ಸರಿ."

ಬಾಗಿಲಲ್ಲಿ ತಮ್ಮ ನಿಂತಿದ್ದ. ಹೆಗಲ ಮೇಲೆ ಚೀಲ. ಜನ ದಾರಿ ಬಿಟ್ಟರು. ಬಂದವನು ಚೀಲ ಕೆಳಗಿಟ್ಟು, ಅಕ್ಕ ಎದ್ದ ಜಾಗದಲ್ಲಿ ಕೂತ. ಅಪ್ಪನ ಕೊಕ್ಕೆ ಹಿಡಿದು ಕಣ್ಣು ಮುಚ್ಚಿದ.

ಅಕ್ಕನ ಕಣ್ಣು ಅವನ ಮಣಿಕಟ್ಟಿನ ಮೇಲೆ. ಅಲ್ಲಿ ಅವಸರವಿಲ್ಲ, ಬಲವಂತವಿಲ್ಲ. ಮಲಗಿದ ಮಗುವಿನ ಮುಷ್ಟಿಯಿಂದ ಆಟಿಕೆ ಬಿಡಿಸುವವನ ಹಾಗೆ ಪಟ್ಟಿಗಳನ್ನು ಒಂದೊಂದಾಗಿ ಎಬ್ಬಿಸುತ್ತಿದ್ದ. ಇದನ್ನು ಅವಳು ಕಲಿಸಿರಲಿಲ್ಲ, ಅವಳಿಗೇ ಬರುತ್ತಿರಲಿಲ್ಲ. ಟಕ್ ಎಂದಿತು. ಬಾಗಿಲು ತೆರೆದುಕೊಂಡಿತು. ಸಾಹುಕಾರನ ತೆರೆದ ಬಾಯಿ ಮಾತ್ರ ಮುಚ್ಚಲಿಲ್ಲ.

ಯಾರಾದರೂ ಮಾತಾಡುವ ಮೊದಲೇ ತಮ್ಮ ಜೇಬಿನಿಂದ ಕುಂಚ ತೆಗೆದ. ತಗಡು ಬಿಚ್ಚಿದ, ಗುಡಿಸಿದ, ಪುಡಿ ಊದಿದ, ಸ್ಕ್ರೂಗಳನ್ನು ಬಿಗಿದು ಗೀರು ನೆಟ್ಟಗೆ ನಿಲ್ಲಿಸಿದ.

"ಇದ್ಯಾಕಪ್ಪಾ?" ಎಂದ ಇನ್ಸ್‌ಪೆಕ್ಟರ್.

"ಬಿಚ್ಚಿದ ಮೇಲೆ ಮಾಡ್ಬೇಕು ಸಾರ್. ನಮ್ಮನೆ ಪದ್ಧತಿ."

"ಅವತ್ತೂ ಮಾಡಿದ್ಯಾ?"

"ಅವತ್ತೂ ಮಾಡಿದ್ದೆ."

ತಮ್ಮ ಎದ್ದು ತಾತನ ಮುಂದೆ ಹೋಗಿ ನಿಂತ. "ತಾತಾ, ನಾನೇ ಕದ್ದದ್ದು. ನೀನು ಒಳಗಿದ್ದೆ, ನಾನು ಸುಮ್ಮನಿದ್ದೆ" ಎಂದ. ಆಮೇಲೆ ತನ್ನ ಸೊಂಟದ ಬೆಲ್ಟು ಬಿಚ್ಚಿ, ಮುದುಕನ ಪ್ಯಾಂಟಿಗೆ ಒಂದೊಂದೇ ಪಟ್ಟಿಯಲ್ಲಿ ತೂರಿಸಿ, ಬಿಗಿದು ಕೊಟ್ಟ. "ಇಟ್ಕೋ. ನಾನು ಹೋಗೋ ಕಡೆ ಇದನ್ನ ಬಿಡಲ್ಲ."

ಎರಡೂ ಕೈ ಬಿಡುವಾದ ತಾತ ಆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ, ಹುಡುಗನ ತಲೆಯ ಮೇಲಿಟ್ಟ.

ಹಾರ ಇದ್ದದ್ದು ಎಲ್ಲಿ ಗೊತ್ತೇ? ಅಕ್ಕನ ಅಂಗಡಿಯ ನೆತ್ತಿಯ ಮೇಲೆ, ಅಪ್ಪನ ದೊಡ್ಡ ಬೀಗದ ಹೊಟ್ಟೆಯೊಳಗೆ. ದಿನಾ ಅದರ ಕೆಳಗೇ ಕೂತು ಅವಳು ಕಳ್ಳನಿಗೆ ಶಾಪ ಹಾಕಿದ್ದಳು. ಬೀದಿಯವರೆಲ್ಲ ಕತ್ತೆತ್ತಿ ನೋಡುತ್ತಿರುವಾಗ ಅಕ್ಕನೇ ಏಣಿ ಹತ್ತಿ ಬೀಗ ಇಳಿಸಿದಳು, ಉದ್ದನೆಯ ಕೀಲಿ ಹಾಕಿದಳು, ಹಾರವನ್ನು ಇನ್ಸ್‌ಪೆಕ್ಟರನ ಕೈಗೆ ಸುರಿದಳು. ಹೇಗೂ ಬಿಚ್ಚಿದ್ದಾಯಿತಲ್ಲ, ಒಳಗೆಲ್ಲ ಗುಡಿಸಿ, ಪುಡಿ ಊದಿ, ಗೀರು ನಿಲ್ಲಿಸಿಯೇ ಮತ್ತೆ ನೇತುಹಾಕಿದಳು. ಯಾರೂ ನಗಲಿಲ್ಲ.

ಸಾಹುಕಾರ ಹಿಂದೆಯೇ ಬಂದ. ಒಡವೆ ಸಿಕ್ಕಿದ ಖುಷಿಗೆ ಅವನ ದನಿ ಮೆತ್ತಗಾಗಿತ್ತು. "ಹಾರ ಬಂತಲ್ಲಮ್ಮಾ, ನಾನು ಕಂಪ್ಲೇಂಟ್ ಬಿಟ್ಬಿಡ್ತೀನಿ. ನಿನ್ನ ತಮ್ಮ ನಮ್ಮಂಗಡಿ ಬೀಗ ನೋಡ್ಕೊಂಡು ಇರ್ಲಿ. ಇಂಥ ಕೈ ಎಲ್ಲಿ ಸಿಗತ್ತೆ?"

ಅಕ್ಕ ಜೀಪಿನಲ್ಲಿ ಕೂತ ತಮ್ಮನ ಕಡೆ ನೋಡಿದಳು. ಒಂದು ಮಾತು, ಹೂಂ ಎಂದರೆ ಸಾಕು, ಸಂಜೆಗೆ ಮನೆಯಲ್ಲಿರುತ್ತಾನೆ. ಕರುಳು ಹೂಂ ಎನ್ನು ಎಂದಿತು.

ತಮ್ಮನೇ ಬಾಯಿ ಬಿಟ್ಟ. "ತಾತ ಒಳಗಿದ್ನಲ್ಲ ಧಣಿ, ಅದನ್ನ ಯಾರು ವಾಪಸ್ ಕೊಡ್ತಾರೆ? ನಡೀರಿ ಸಾರ್."

ಜೀಪು ಹೊರಟಿತು. ಬೀದಿಯ ಎರಡೂ ಬದಿಯಲ್ಲಿ ಜನ. ಅಕ್ಕ ಮನೆಯೊಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ಕೆಲವರು ಕಾದಿದ್ದರು. ಅವಳು ಬೀದಿಯ ನಡುವೆ ಬಂದು, ಜೀಪು ಮರೆಯಾಗುವ ತನಕ ತಲೆ ಎತ್ತಿ ನಿಂತಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಕೋರ್ಟಿನಲ್ಲಿ ಶಿಕ್ಷೆಯಾಯಿತು. ತಾನಾಗಿ ಒಪ್ಪಿಕೊಂಡನೆಂದು ಸ್ವಲ್ಪ ಕಡಿಮೆ ಮಾಡಿದರು, ಪೂರಾ ಬಿಡಲಿಲ್ಲ. ಸರಿಯಾಗೇ ಮಾಡಿದರು ಎಂದಳು ಅಕ್ಕ, ಮನೆಗೆ ಬಂದು ಆ ದಿನ ಊಟ ಬಿಟ್ಟಳು. ಜೈಲಿನ ಭೇಟಿಯಲ್ಲಿ ಮೊದಲ ಸಲ ಕೂತಾಗ, ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟಳು.

"ನಿಜ ಹೇಳೋ. ಸಾಹುಕಾರ ನಮ್ಮ ಮನೆತನವನ್ನ ಹಂಗಿಸಿದ್ದಕ್ಕೆ ರೋಷ ಬಂದು ಮುಂದೆ ಬಂದ್ಯಾ?"

ತಮ್ಮ ಯೋಚಿಸಿದ. "ಬಸ್ ಸ್ಟ್ಯಾಂಡಿಗೆ ಹೊರಟಿದ್ದೆ ಅಕ್ಕಾ. ನೀನು ಆ ಬೀಗ ಹೇಗೆ ಬಿಚ್ತೀಯ ನೋಡ್ಕೊಂಡು ಹೋಗೋಣ ಅಂತ ಬಂದು ನಿಂತೆ. ಸಾಹುಕಾರ ಅಂದಾಗ ರೋಷ ಬಂತು, ಸುಳ್ಳು ಯಾಕೆ ಹೇಳ್ಲಿ. ಆದ್ರೂ ಕಾಲು ಏಳ್ಲಿಲ್ಲ. ತಾತ ಪ್ಯಾಂಟು ಹಿಡ್ಕೊಂಡು ನಡೆದ್ನಲ್ಲ, ಅದನ್ನ ನೋಡೋಕಾಗ್ಲಿಲ್ಲ."

ಅಕ್ಕನಿಗೆ ಅಷ್ಟು ಸಾಕಾಗಿತ್ತು. ತಿಜೋರಿ ಬಿಚ್ಚಿದ ಕೈಯ ಬಗ್ಗೆ ಹುಟ್ಟಿದ್ದ ಹೆಮ್ಮೆಯನ್ನು ಅವಳು ಬಡಿದು ಕೂರಿಸಿದ್ದಳು. ಈಗ ಎದ್ದ ಹೆಮ್ಮೆಯನ್ನು ಕೂರಿಸುವ ಗೋಜಿಗೆ ಹೋಗಲಿಲ್ಲ.

ಒಂದು ದಿನ ಯಾರೋ ಹೊಸ ಗಿರಾಕಿ ಅಂಗಡಿಯ ಮುಂದೆ ನಿಂತು ತಲೆಯ ಮೇಲಿನ ಬೀಗ ನೋಡುತ್ತ ಕೇಳಿದ, "ಆ ಕಳ್ಳನ ಅಂಗಡಿ ಇದೇನಾ?"

"ಹೌದು, ಇದೇ. ನನ್ನ ತಮ್ಮ" ಎಂದಳು ಅಕ್ಕ. "ಕದ್ದ. ಯಾರೂ ಹಿಡೀಲಿಲ್ಲ, ತಾನೇ ಬಂದು ನಿಂತ. ನಿಮ್ಮ ಪೈಕಿ ಅಂಥೋರು ಎಷ್ಟು ಜನ ಇದ್ದಾರೆ? ಬೀಗ ಕೊಡಿ ಇಲ್ಲಿ. ಕೀಲಿ ಎಲ್ಲಿ ಕಳ್ಕೊಂಡ್ರಿ, ಬಸ್ಸಲ್ಲಾ?"

ಸಾಹುಕಾರ ನಡುಬೀದಿಯಲ್ಲಿ ಕ್ಷಮೆ ಕೇಳುವ ತನಕ ತಾತ ಕೆಲಸಕ್ಕೆ ಹೋಗಲಿಲ್ಲ. ಕೇಳಿದ ಮೇಲೆ ಹೋದ. ಈಗ ದಿನಾ ಬೆಳಿಗ್ಗೆ ತಿಜೋರಿ ತೆಗೆದು, ಆ ಬೆಲ್ಟಿನ ಮೇಲೆ ಒಂದು ಕೈ ಇಟ್ಟುಕೊಂಡು, ಅಕ್ಕನ ಅಂಗಡಿಯ ಕಡೆ ತಿರುಗಿ ಬೀದಿಗೆಲ್ಲ ಕೇಳುವಂತೆ ಕೂಗುತ್ತಾನೆ.

"ಇವತ್ತೂ ಸಲೀಸಾಗಿ ತಿರುಗ್ತು ಕಣಮ್ಮಾ!"

"ತಿರುಗ್ದೆ ಏನು ತಾತಾ?" ಎಂದು ಅಕ್ಕ ಅಲ್ಲಿಂದಲೇ ಕೂಗುತ್ತಾಳೆ. "ಯಾರು ಮಾಡಿದ ಕೆಲಸ ಅದು!"